ಗಾಳಿಗೆ ಹಿಡಿದ ಮಾತು

ಬೇರೆ ನುಡಿಯಿಂದ ನಮ್ಮ ನುಡಿಗೆ ಬರುವ ಶಬ್ದವು ತನ್ನ ಅರ್ಥಗಳೆಲ್ಲವನ್ನೂ ಹೊತ್ತು ತರುವುದಿಲ್ಲ. ಎರಡು ದಿನದ ಮಟ್ಟಿಗೆ ನೆಂಟರ ಮನೆಗೆ ಹೊರಟವನು ಎರಡು ಜೊತೆ ಬಟ್ಟೆಯನ್ನಷ್ಟೇ ಪೆಟ್ಟಿಗೆಯಲ್ಲಿಟ್ಟುಕೊಳ್ಳುವಂತೆ, ಅದು ಆ ಹೊತ್ತಿಗೆ ಬೇಕಾದ ಒಂದೆರಡು ಅರ್ಥಗಳನ್ನು ಮಾತ್ರ ಕಟ್ಟಿಕೊಂಡು ಬರುತ್ತದೆ; ಉಳಿದವು ಹುಟ್ಟೂರಿನಲ್ಲೇ ಉಳಿದುಬಿಡುತ್ತವೆ. ಇಂಗ್ಲಿಷಿನ ‘ವೆಂಟಿಲೇಟ್’ ಎಂಬ ಕ್ರಿಯಾಪದವೂ ಅದರ ಸಂತಾನವಾದ ‘ವೆಂಟಿಲೇಟರ್’, ‘ವೆಂಟಿಲೇಶನ್’ ಎಂಬ ನಾಮಪದಗಳೂ ಇದಕ್ಕೆ ಒಳ್ಳೆಯ ನಿದರ್ಶನ.

ಕನ್ನಡಕ್ಕೆ ಈ ಶಬ್ದ ಎರಡು ಸಲ ಬಂದಿತು ಎನ್ನಬಹುದು. ಮೊದಲ ಸಲ ಬಂದದ್ದು ಮನೆ ಕಟ್ಟುವವರ ಮಾತಿನಲ್ಲಿ. ಬಾಗಿಲ ಮೇಲೆ, ಸೂರಿಗೆ ಸಮೀಪವಾಗಿ ಗೋಡೆಯಲ್ಲಿ ಬಿಡುವ ಚಿಕ್ಕ ಕಿಂಡಿಗೆ ‘ವೆಂಟಿಲೇಟರ್’ ಎಂದು ಹೆಸರಾಯಿತು. ಗವಾಕ್ಷಿ, ಬೆಳಕಿಂಡಿ, ಗಾಳಿಕಿಂಡಿ ಎಂಬ ಮಾತುಗಳು ನಮ್ಮಲ್ಲಿದ್ದರೂ ಮೇಸ್ತ್ರಿಯ ಬಾಯಲ್ಲಿ ನಿಂತದ್ದು ಇಂಗ್ಲಿಷ್ ಹೆಸರೇ. ಎರಡನೆಯ ಸಲ ಬಂದದ್ದು ಆಸ್ಪತ್ರೆಯ ಬಾಗಿಲಿನಿಂದ. ತಾನಾಗಿ ಉಸಿರಾಡಲಾರದ ರೋಗಿಯ ಎದೆಗೆ ಗಾಳಿಯನ್ನು ತುಂಬುವ ಯಂತ್ರಕ್ಕೂ ಅದೇ ಹೆಸರು. ವೈದ್ಯರ ವಲಯದಲ್ಲಿ ಬಹಳ ಕಾಲದಿಂದ ಇದ್ದ ಈ ಮಾತು 2020ರ ಮಹಾಮಾರಿಯ ತಿಂಗಳುಗಳಲ್ಲಿ ಹಳ್ಳಿಯ ಜಗಲಿಯವರೆಗೂ ನಡೆದುಬಂದಿತು. ‘ವೆಂಟಿಲೇಟರಿನಲ್ಲಿ ಇಟ್ಟಿದ್ದಾರೆ’ ಎಂಬ ವಾಕ್ಯವನ್ನು ಕೇಳಿ ಎಷ್ಟು ಮನೆಗಳಲ್ಲಿ ದೀಪದ ಮುಂದೆ ಕೈಮುಗಿದು ಕುಳಿತರೋ ಲೆಕ್ಕವಿಲ್ಲ.

ಆದರೆ ಇವೆರಡೂ ಈ ಶಬ್ದದ ಕಿರಿಯ ಅರ್ಥಗಳು. ಇವಕ್ಕಿಂತ ಹಿರಿಯವಾದ ಎರಡು ಅರ್ಥಗಳು ಕನ್ನಡಕ್ಕೆ ಬರಲೇ ಇಲ್ಲ. ಒಂದು, ಒಕ್ಕಿದ ಧಾನ್ಯವನ್ನು ಗಾಳಿಗೆ ಹಿಡಿದು ತೂರುವುದು. ಇನ್ನೊಂದು, ಒಂದು ವಿಷಯವನ್ನು ನಾಲ್ಕು ಜನರ ಮುಂದಿಟ್ಟು ಅದರ ಗುಣದೋಷಗಳನ್ನು ವಿಚಾರಿಸುವುದು. ಕಣದಿಂದ ಸಭೆಗೆ, ಸಭೆಯಿಂದ ಸೆರೆಮನೆಗೆ, ಸೆರೆಮನೆಯಿಂದ ಆಸ್ಪತ್ರೆಗೆ ಈ ಶಬ್ದ ನಡೆದುಬಂದ ದಾರಿ ಯಾವುದು, ಆ ದಾರಿಯಲ್ಲಿ ಅದು ಕಳೆದುಕೊಂಡದ್ದೇನು ಎಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು ವಂಶಾವಳಿ. ಲ್ಯಾಟಿನ್ ಭಾಷೆಯಲ್ಲಿ ಗಾಳಿಗೆ ‘ವೆಂಟುಸ್’ ಎಂದು ಹೆಸರು. ಅದರ ಅಲ್ಪಾರ್ಥಕ ರೂಪ ‘ವೆಂಟುಲುಸ್’. ಎಂದರೆ ಎಳೆಗಾಳಿ, ತಂಗಾಳಿ. ಅದರಿಂದ ‘ವೆಂಟಿಲಾರೆ’ ಎಂಬ ಕ್ರಿಯಾಪದ ಹುಟ್ಟಿತು. ಬೀಸು, ಅಲ್ಲಾಡಿಸು, ಗಾಳಿಗೆ ತೂರು ಎಂಬವು ಅದರ ಅರ್ಥಗಳು. ಸಂಸ್ಕೃತದ ‘ವಾ’ ಧಾತುವೂ ಅದರಿಂದ ಬಂದ ವಾತ, ವಾಯು ಎಂಬ ಶಬ್ದಗಳೂ ಲ್ಯಾಟಿನ್ನಿನ ಈ ‘ವೆಂಟುಸ್’ ಶಬ್ದಕ್ಕೆ ದಾಯಾದಿಗಳು. ಹಾಗೆಯೇ ಇಂಗ್ಲಿಷಿನ ‘ವಿಂಡ್’ ಎಂಬ ಮಾತು ಕೂಡ. ಇಂಡೋ-ಯೂರೋಪಿಯನ್ ಮೂಲದ ಒಂದೇ ಗಾಳಿ ಮೂರು ಕಿಟಕಿಗಳಿಂದ ಮೂರು ಮನೆಗಳೊಳಕ್ಕೆ ಬೀಸಿದೆ.

ಕಿಟಕಿಯ ಮಾತು ಬಂದದ್ದರಿಂದ ಇಲ್ಲೊಂದು ಕುತೂಹಲದ ಸಂಗತಿಯನ್ನು ಹೇಳಬೇಕು. ಇಂಗ್ಲಿಷಿನ ‘ವಿಂಡೋ’ ಶಬ್ದ ಪ್ರಾಚೀನ ನಾರ್ಸ್ ಭಾಷೆಯಿಂದ ಬಂದದ್ದು. ಅದರ ಮೂಲಾರ್ಥ ‘ಗಾಳಿಯ ಕಣ್ಣು’. ಸಂಸ್ಕೃತದಲ್ಲಿ ಕಿಟಕಿಗೆ ‘ವಾತಾಯನ’ ಎಂಬ ಹೆಸರುಂಟು; ಗಾಳಿ ಸಾಗುವ ದಾರಿ ಎಂದರ್ಥ. ‘ಗವಾಕ್ಷ’ ಎಂಬ ಇನ್ನೊಂದು ಹೆಸರಿದೆ. ಅದು ಗೋವಿನ ಕಣ್ಣು. ಒಂದು ಕಡೆ ಗಾಳಿ, ಇನ್ನೊಂದು ಕಡೆ ಕಣ್ಣು. ಇವೆರಡನ್ನೂ ಕೂಡಿಸಿದರೆ ನಾರ್ಸ್ ಜನರ ಶಬ್ದವೇ ಆಗುತ್ತದೆ! ಗೋಡೆಯಲ್ಲಿ ರಂಧ್ರ ಮಾಡಿದ ಮನುಷ್ಯ ಎಲ್ಲಿಯವನಾದರೂ, ಅವನಿಗೆ ತೋರಿದ ಉಪಮಾನಗಳು ಹೆಚ್ಚು ದೂರ ಹೋಗಲಿಲ್ಲ.

ಗಾಳಿಗೆ ತೂರುವ ಕೆಲಸಕ್ಕೆ ಇಂಗ್ಲಿಷಿನವರ ಸ್ವಂತದ ಮಾತೂ ಉಂಟು. ‘ವಿನ್ನೋ’ ಎಂಬ ಆ ಕ್ರಿಯಾಪದ ‘ವಿಂಡ್’ ಶಬ್ದದಿಂದಲೇ ಹುಟ್ಟಿತು. ಇಂದು ನಮ್ಮ ತಲೆಯ ಮೇಲೆ ತಿರುಗುವ ‘ಫ್ಯಾನ್’ ಕೂಡ ಮೊದಲಿಗೆ ಕಣದ ಸಾಮಾನು. ಲ್ಯಾಟಿನ್ನಿನಲ್ಲಿ ‘ವನ್ನುಸ್’ ಎಂದರೆ ತೂರುವ ಮೊರ. ಅದು ಹಳೆಯ ಇಂಗ್ಲಿಷಿಗೆ ಬಂದು ‘ಫನ್’ ಆಯಿತು. ಮೈಗೆ ತಂಪು ಮಾಡುವ ಬೀಸಣಿಗೆಗೆ ಆ ಹೆಸರು ಬಂದದ್ದು ಆಮೇಲೆ. ಹೀಗೆ ಬೇಸಾಯದ ಕಣದಿಂದ ಎದ್ದ ಶಬ್ದಗಳು ನಗರದ ಕೋಣೆಗಳಲ್ಲಿ ನೆಲೆಸಿ, ತಮ್ಮ ತವರನ್ನು ಮರೆತು ಕುಳಿತಿವೆ.

ತೂರುವುದೆಂದರೆ ಏನೆಂದು ನಮ್ಮ ನಾಡಿನ ಓದುಗರಿಗೆ ವಿವರಿಸಬೇಕಾದ ಕಾಲ ಒಂದು ಇರಲಿಲ್ಲ. ಈಗ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಕಣವನ್ನು ಕಂಡವರು ಕಡಿಮೆ. ಕೊಯ್ಯುವುದು, ಒಕ್ಕುವುದು, ಹಸನು ಮಾಡುವುದು ಎಲ್ಲವನ್ನೂ ಒಂದೇ ಯಂತ್ರ ಮುಗಿಸಿಬಿಡುತ್ತದೆ. ಆದ್ದರಿಂದ ಸ್ವಲ್ಪ ಹೇಳುವುದು ಅಗತ್ಯ. ಒಕ್ಕಣೆಯಾದ ಮೇಲೆ ಕಾಳು, ಹೊಟ್ಟು, ಜೊಳ್ಳು, ದೂಳು ಎಲ್ಲವೂ ಒಂದೇ ರಾಶಿಯಾಗಿರುತ್ತವೆ. ರೈತ ಅದನ್ನು ಮೊರದಲ್ಲಿ ತುಂಬಿ, ಎತ್ತರದಲ್ಲಿ ನಿಂತು, ಗಾಳಿಗೆ ಅಡ್ಡಲಾಗಿ ನಿಧಾನವಾಗಿ ಸುರಿಯುತ್ತಾನೆ. ತೂಕವುಳ್ಳ ಕಾಳು ನೆಟ್ಟಗೆ ಅವನ ಕಾಲಬುಡಕ್ಕೆ ಬೀಳುತ್ತದೆ. ಹಗುರವಾದ ಹೊಟ್ಟು ದೂರಕ್ಕೆ ಹಾರುತ್ತದೆ. ಅರ್ಧ ತುಂಬಿದ ಜೊಳ್ಳು ಇವೆರಡರ ನಡುವೆ ಬೀಳುತ್ತದೆ. ಅದನ್ನು ಮತ್ತೊಮ್ಮೆ ತೂರಬೇಕಾಗುತ್ತದೆ. ಗಾಳಿ ನಿಂತರೆ ಕೆಲಸವೂ ನಿಲ್ಲುತ್ತದೆ. ಬಿರುಗಾಳಿಯಾದರೆ ಕಾಳೂ ಹಾರಿಹೋಗುತ್ತದೆ. ‘ಗಾಳಿ ಬಂದಾಗ ತೂರಿಕೋ’ ಎಂಬ ನಮ್ಮ ಗಾದೆ ಈ ಕಾಯುವಿಕೆಯಿಂದಲೇ ಹುಟ್ಟಿದ್ದು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಕಾಳು ಯಾವುದು, ಹೊಟ್ಟು ಯಾವುದು ಎಂದು ರೈತ ಮೊದಲೇ ತೀರ್ಮಾನಿಸುವುದಿಲ್ಲ. ಅವನು ಎಲ್ಲವನ್ನೂ ಸಮನಾಗಿ ಎತ್ತಿ ಸುರಿಯುತ್ತಾನೆ. ತೀರ್ಮಾನ ಗಾಳಿಯದು ಮತ್ತು ಕಾಳಿನ ತೂಕದ್ದು.

ಈ ಕೆಲಸವನ್ನು ಕಣ್ಣಾರೆ ಕಂಡ ಜನರಿಗೆ ಮಾತಿನ ವಿಚಾರ ಬಂದಾಗ ಇದೇ ಉಪಮಾನ ಹೊಳೆದದ್ದು ಸಹಜ. ‘ವೆಂಟಿಲೇಟ್’ ಶಬ್ದ ಇಂಗ್ಲಿಷಿನಲ್ಲಿ ಕಾಣಿಸಿಕೊಂಡದ್ದು 15ನೆಯ ಶತಮಾನದಲ್ಲಿ. 16ನೆಯ ಶತಮಾನದಲ್ಲಿ ಅದಕ್ಕೆ ‘ಒಂದು ಪ್ರಶ್ನೆಯನ್ನು ಬಹಿರಂಗವಾಗಿ ಚರ್ಚಿಸಿ ಪರೀಕ್ಷಿಸು’ ಎಂಬ ಅರ್ಥ ನೆಲೆಗೊಂಡಿತು. ಕಡೆಗಾಲದ ಲ್ಯಾಟಿನ್ನಿನಲ್ಲಿ ಆಗಲೇ ಈ ಬಳಕೆ ಇತ್ತು. ಅಲ್ಲಿಂದ ಅದು ವಿದ್ವಾಂಸರ ಇಂಗ್ಲಿಷಿಗೆ ಇಳಿಯಿತು. ಒಂದು ಪ್ರಶ್ನೆಯನ್ನು ‘ವೆಂಟಿಲೇಟ್’ ಮಾಡುವುದೆಂದರೆ ಅದನ್ನು ಮೊರದಲ್ಲಿ ಎತ್ತಿ ಬಯಲಗಾಳಿಗೆ ಹಿಡಿಯುವುದು, ಹುರುಳಿಲ್ಲದ್ದು ಹಾರಿಹೋಗಿ ಹುರುಳುಳ್ಳದ್ದು ಉಳಿಯುವಂತೆ ಮಾಡುವುದು.

ಅದೇ ಗಾಳಿಯಿಂದ ಬೇರೆ ಕೆಲಸವೂ ಆಗುತ್ತದೆಂಬುದನ್ನು ರೋಮನರು ಬಲ್ಲರು. ಕ್ರಿಸ್ತಪೂರ್ವ 59ರಲ್ಲಿ ಫ್ಲಾಕ್ಕುಸ್ ಎಂಬವನ ಪರವಾಗಿ ವಾದಿಸುತ್ತ ಸಿಸೆರೊ, ಜನಸಭೆಯನ್ನು ಕೆರಳಿಸಿದವನೊಬ್ಬನ ನಾಲಗೆಯನ್ನು ಬೀಸಣಿಗೆಗೆ ಹೋಲಿಸಿ, ಇದೇ ‘ವೆಂಟಿಲಾರೆ’ ಕ್ರಿಯಾಪದವನ್ನು ಪ್ರಯೋಗಿಸಿದ್ದಾನೆ. ಕಣದಲ್ಲಿ ಬೀಸಿದರೆ ಕಾಳು ಹಸನಾಗುತ್ತದೆ. ಕೆಂಡದ ಮೇಲೆ ಬೀಸಿದರೆ ಉರಿ ಏಳುತ್ತದೆ. ಮಾತಿಗೂ ಈ ಎರಡು ದಾರಿಗಳಿವೆ ಎಂಬ ಎಚ್ಚರ ಶಬ್ದದ ಒಡಲಿನಲ್ಲೇ ಇದ್ದಿತು.

ನಮ್ಮ ಪ್ರಾಚೀನರೂ ಈ ಹೋಲಿಕೆಗೆ ಹೊರಗಿನವರಲ್ಲ. ಋಗ್ವೇದದ ಹತ್ತನೆಯ ಮಂಡಲದ 71ನೆಯ ಸೂಕ್ತದಲ್ಲಿ, ಧೀರರಾದವರು ಮನಸ್ಸಿನಿಂದ ಮಾತನ್ನು ಶುದ್ಧಗೊಳಿಸುವುದನ್ನು ಜರಡಿಯಲ್ಲಿ ಹಿಟ್ಟನ್ನು ಸೋಸುವುದಕ್ಕೆ ಹೋಲಿಸಲಾಗಿದೆ. ಪತಂಜಲಿ ತನ್ನ ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ, ವ್ಯಾಕರಣವನ್ನು ಏಕೆ ಕಲಿಯಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ ಈ ಮಂತ್ರವನ್ನು ಉದಾಹರಿಸುತ್ತಾನೆ. ಅಲ್ಲಿ ಜರಡಿ, ಇಲ್ಲಿ ಗಾಳಿ. ಸಲಕರಣೆ ಬೇರೆಯಾದರೂ ತತ್ತ್ವ ಒಂದೇ. ಆದರೂ ಒಂದು ಭೇದವನ್ನು ಕಾಣಬಹುದು. ಜರಡಿ ಹಿಡಿಯುವವನು ಒಬ್ಬನೇ ಮನೆಯೊಳಗೆ ಕುಳಿತು ಸೋಸಬಲ್ಲ. ತೂರುವವನಿಗೆ ಬಯಲು ಬೇಕು. ಮನಸ್ಸಿನೊಳಗಿನ ವಿವೇಕಕ್ಕೆ ಜರಡಿ ತಕ್ಕ ಉಪಮಾನವಾದರೆ, ಸಾರ್ವಜನಿಕ ಚರ್ಚೆಗೆ ಮೊರ ಮತ್ತು ಗಾಳಿಯೇ ತಕ್ಕವು.

ಹೀಗಿರುವಲ್ಲಿ ಕನ್ನಡ ತನ್ನ ‘ತೂರು’ ಶಬ್ದವನ್ನು ಯಾವ ದಾರಿಯಲ್ಲಿ ನಡೆಸಿತು? ಹಳಗನ್ನಡದಲ್ಲಿ ಶಕಟರೇಫದಿಂದ ‘ತೂಱು’ ಎಂದು ಬರೆಯುತ್ತಿದ್ದ ಈ ಶಬ್ದದಿಂದ ಹೊಸಗನ್ನಡ ‘ಗಾಳಿಗೆ ತೂರು’ ಎಂಬ ನುಡಿಗಟ್ಟನ್ನು ಮಾಡಿಕೊಂಡಿತು. ‘ಕಾನೂನನ್ನು ಗಾಳಿಗೆ ತೂರಿದರು’, ‘ಕೊಟ್ಟ ಮಾತನ್ನು ಗಾಳಿಗೆ ತೂರಿದ’ ಎನ್ನುತ್ತೇವೆ. ಎಂದರೆ ಕಡೆಗಣಿಸಿದ, ಬಿಸುಟ ಎಂದರ್ಥ. ಇಂಗ್ಲಿಷಿನವನು ಗಾಳಿಗೆ ಹಿಡಿದಾಗ ಕಾಲಬುಡಕ್ಕೆ ಬಿದ್ದ ಕಾಳನ್ನು ನೋಡಿದ. ನಾವು ದೂರಕ್ಕೆ ಹಾರಿದ ಹೊಟ್ಟನ್ನು ನೋಡಿದೆವು. ಗಾಳಿಮಾತು, ಗಾಳಿಸುದ್ದಿ ಎಂಬ ನಮ್ಮ ಇತರ ಶಬ್ದಗಳಲ್ಲಿಯೂ ಗಾಳಿಗೆ ಸಿಕ್ಕ ಮಾತು ನಂಬಿಕೆಗೆ ಅರ್ಹವಲ್ಲದ್ದು. ನೆರೆಯ ತಮಿಳಿನಲ್ಲಿ ‘ತೂಟ್ರು’ ಎಂಬ ಮಾತಿಗೆ ಧಾನ್ಯವನ್ನು ತೂರು ಎಂಬ ಅರ್ಥದೊಡನೆ ನಿಂದಿಸು, ಅಪವಾದ ಹರಡು ಎಂಬ ಅರ್ಥವೂ ಉಂಟು. ಒಂದೇ ಕಣ, ಒಂದೇ ಗಾಳಿ. ಆದರೂ ಬೇರೆ ಬೇರೆ ಜನ ಅದರಿಂದ ಬೇರೆ ಬೇರೆ ನೀತಿಯನ್ನು ಹೆಕ್ಕಿಕೊಂಡರು. ಭಾಷೆಗಳ ಹೋಲಿಕೆಯಲ್ಲಿ ಇದಕ್ಕಿಂತ ರಸವತ್ತಾದ ಪಾಠ ವಿರಳ.

ಇಷ್ಟು ಹೊತ್ತಿಗೆ ನಾವಿನ್ನೂ ಬಯಲಿನಲ್ಲಿಯೇ ಇದ್ದೇವೆ. ಶಬ್ದವು ಕೋಣೆಯೊಳಕ್ಕೆ ಬಂದದ್ದು 18ನೆಯ ಶತಮಾನದಲ್ಲಿ. ಅದಕ್ಕೆ ಮುಖ್ಯ ಕಾರಣನಾದವನು ಲಂಡನ್ನಿಗೆ ಸಮೀಪದ ಟೆಡಿಂಗ್‌ಟನ್ ಎಂಬಲ್ಲಿ ಪಾದ್ರಿಯಾಗಿದ್ದ ಸ್ಟೀಫನ್ ಹೇಲ್ಸ್. ಗಿಡಮರಗಳಲ್ಲಿ ರಸ ಏರುವುದನ್ನೂ ಕುದುರೆಯ ರಕ್ತನಾಳದಲ್ಲಿನ ಒತ್ತಡವನ್ನೂ ಅಳೆದು ನೋಡಿದ ಜಿಜ್ಞಾಸು ಈತ. ಹಡಗಿನ ತಳದಲ್ಲಿ, ಗಣಿಯಲ್ಲಿ, ಸೆರೆಮನೆಯಲ್ಲಿ ಕೂಡಿಹಾಕಿದ ಜನ ತಮ್ಮ ಉಸಿರಿನಿಂದಲೇ ಕೆಟ್ಟ ಗಾಳಿಯನ್ನು ಮತ್ತೆ ಮತ್ತೆ ಸೇದಿ ಸಾಯುತ್ತಾರೆಂದು ಭಾವಿಸಿ, ದೊಡ್ಡ ಪೆಟ್ಟಿಗೆಯಂಥ ತಿದಿಗಳನ್ನು ರಚಿಸಿದ. ಸನ್ನೆಕೋಲನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಅವು ಒಳಗಿನ ಗಾಳಿಯನ್ನು ಹೊರಕ್ಕೆ ತಳ್ಳಿ ಹೊಸ ಗಾಳಿಯನ್ನು ತರುತ್ತಿದ್ದವು. 1741ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದನ್ನು ವಿವರಿಸಿ, 1743ರಲ್ಲಿ ವೆಂಟಿಲೇಟರುಗಳ ವಿವರಣೆ ಎಂಬ ಅರ್ಥದ ಹೆಸರಿನಿಂದ ಗ್ರಂಥವನ್ನು ಪ್ರಕಟಿಸಿದ. ಗಣಿ, ಸೆರೆಮನೆ, ಆಸ್ಪತ್ರೆ, ಹಡಗುಗಳಿಗಲ್ಲದೆ ದವಸವನ್ನು ಹುಳು ಹಿಡಿಯದಂತೆ ಒಣಗಿಸಿ ಕಾಪಾಡುವುದಕ್ಕೂ ಈ ಯಂತ್ರ ಉಪಯುಕ್ತವೆಂದು ಆತ ಆ ಗ್ರಂಥದ ಮೊದಲ ಪುಟದಲ್ಲೇ ಸಾರಿದ್ದಾನೆ. ಧಾನ್ಯದ ಕಣದಲ್ಲಿ ಹುಟ್ಟಿದ ಶಬ್ದ ಹೊಸ ಅರ್ಥವನ್ನು ಪಡೆಯುವಾಗಲೂ ಧಾನ್ಯದ ನಂಟನ್ನು ಬಿಡಲಿಲ್ಲ!

ಗಾಳಿ ಯಾರಿಗೆ, ಏತಕ್ಕೆ ಎಂಬ ಪ್ರಶ್ನೆ ಇಲ್ಲಿಂದ ಮುಂದೆ ಶಬ್ದದ ಬೆನ್ನಿಗೆ ಬಿದ್ದಿದೆ. ಹೇಲ್ಸನ ಯಂತ್ರಗಳನ್ನು ಗುಲಾಮರನ್ನು ಸಾಗಿಸುವ ಹಡಗುಗಳಲ್ಲೂ ಅಳವಡಿಸಿದರು. ಸಂಕೋಲೆಯಲ್ಲಿದ್ದವರಿಗೆ ಗಾಳಿ ದೊರೆಯಿತು, ನಿಜ. ಆದರೆ ಅದು ಅವರ ಪ್ರಾಣಕ್ಕಿಂತ ಹೆಚ್ಚಾಗಿ ಅವರ ಬೆಲೆಯನ್ನು ಉಳಿಸುವುದಕ್ಕೆ. ಲಂಡನ್ನಿನ ನ್ಯೂಗೇಟ್ ಸೆರೆಮನೆಯದು ಇನ್ನೊಂದು ಕಥೆ. ಅಲ್ಲಿ ಸೆರೆಜ್ವರ ಪ್ರತಿವರ್ಷವೂ ಕೈದಿಗಳನ್ನು ಕೊಲ್ಲುತ್ತಿತ್ತು. ಊರಿಗೆ ಅದರ ಚಿಂತೆ ಅಷ್ಟಾಗಿರಲಿಲ್ಲ. 1750ರಲ್ಲಿ ಆ ಜ್ವರ ಕೈದಿಗಳ ಜೊತೆಗೆ ಪಕ್ಕದ ಓಲ್ಡ್ ಬೇಲಿ ನ್ಯಾಯಾಲಯಕ್ಕೂ ನಡೆದುಬಂದು, ಲಂಡನ್ನಿನ ಲಾರ್ಡ್ ಮೇಯರನನ್ನೂ ಇಬ್ಬರು ನ್ಯಾಯಾಧೀಶರನ್ನೂ ಮತ್ತೆ ಹಲವರನ್ನೂ ಬಲಿ ತೆಗೆದುಕೊಂಡಿತು. ಆಗ ಎಚ್ಚರವಾಯಿತು. 1752ರಲ್ಲಿ ಸೆರೆಮನೆಯ ಮಾಡಿನ ಮೇಲೆ ಗಾಳಿಯಂತ್ರವನ್ನು ನಿಲ್ಲಿಸಿ, ಅದರ ಬಲದಿಂದ ಹೇಲ್ಸನ ವೆಂಟಿಲೇಟರುಗಳನ್ನು ನಡೆಸಿದರು. ಅದನ್ನು ಅಳವಡಿಸಲು ಒಳಹೊಕ್ಕ ಕೆಲಸಗಾರರಲ್ಲಿಯೇ ಹಲವರು ಜ್ವರಕ್ಕೆ ತುತ್ತಾದರು.

ಆ ಜ್ವರಕ್ಕೆ ಕಾರಣ ದುರ್ಗಂಧದ ಗಾಳಿಯೆಂದು ಆಗಿನ ವೈದ್ಯಶಾಸ್ತ್ರ ನಂಬಿತ್ತು. ನಿಜವಾದ ಕಾರಣ ಹೇನು ಎಂಬುದನ್ನು ಶಾರ್ಲ್ ನಿಕೋಲ್ ಎಂಬ ಫ್ರೆಂಚ್ ವಿಜ್ಞಾನಿ 1909ರಲ್ಲಿ ತೋರಿಸಿಕೊಟ್ಟ. ಆದರೂ ಗಾಳಿಗಾಗಿ ನಡೆಸಿದ ಹೋರಾಟ ವ್ಯರ್ಥವಾಗಲಿಲ್ಲ. ಇಕ್ಕಟ್ಟು ಕೊಳಕುಗಳ ವಿರುದ್ಧ ಜನರ ಮನಸ್ಸನ್ನು ಅದು ತಿರುಗಿಸಿತು. ಆದರೆ ಅದೇ ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಮೇಲೆ ಕಂದಾಯವಿತ್ತು ಎಂಬುದನ್ನು ಮರೆಯಲಾಗದು. ಮನೆಗೆ ಎಷ್ಟು ಕಿಟಕಿಯೋ ಅದಕ್ಕೆ ತಕ್ಕ ತೆರಿಗೆ. ಜನ ಇಟ್ಟಿಗೆಯಿಟ್ಟು ಕಿಟಕಿಗಳನ್ನು ಮುಚ್ಚಿಕೊಂಡರು. ಒಂದು ಕೈಯಲ್ಲಿ ಗಾಳಿಯ ಯಂತ್ರವನ್ನು ಕೊಂಡಾಡುತ್ತ ಇನ್ನೊಂದು ಕೈಯಲ್ಲಿ ಗಾಳಿಯ ಕಣ್ಣಿಗೆ ಸುಂಕ ವಸೂಲು ಮಾಡಿದ ಕಾಲ ಅದು.

ಈ ಶಬ್ದದ ಚರಿತ್ರೆಯಲ್ಲಿ ನನಗೆ ಅತ್ಯಂತ ಅರ್ಥಪೂರ್ಣವಾಗಿ ಕಂಡ ಪ್ರಸಂಗ ಇಂಗ್ಲೆಂಡಿನ ಪಾರ್ಲಿಮೆಂಟಿನದು. ಚರ್ಚೆಯೆಂಬ ಅರ್ಥವೂ ಗಾಳಿಕಿಂಡಿಯೆಂಬ ಅರ್ಥವೂ ಒಂದೇ ಕಟ್ಟಡದಲ್ಲಿ ಅಲ್ಲಿ ಮುಖಾಮುಖಿಯಾದವು. 1778ರಲ್ಲಿ ಕಾಮನ್ಸ್ ಸಭೆಯ ಪ್ರೇಕ್ಷಕರ ಗ್ಯಾಲರಿಯಿಂದ ಹೆಂಗಸರನ್ನು ಹೊರಗಿಟ್ಟರು. ಸಭೆ ಸೇರುತ್ತಿದ್ದುದು ಸೇಂಟ್ ಸ್ಟೀಫನ್ಸ್ ಎಂಬ ಹಳೆಯ ಪ್ರಾರ್ಥನಾಮಂದಿರದಲ್ಲಿ. ಅದರ ಒಳಮಾಳಿಗೆಯ ಮೇಲೆ, ಮಾಡಿನ ಕೆಳಗೆ ಒಂದು ಅಟ್ಟ. ಸಭೆಯ ದೊಡ್ಡ ದೀಪಗುಚ್ಛದ ನೇರಕ್ಕೆ, ಮೇಣದಬತ್ತಿಗಳ ಹೊಗೆಯೂ ಸದಸ್ಯರ ಉಸಿರಿನ ಬಿಸಿಯೂ ಮೇಲೇರಿ ಹೋಗಲೆಂದು ಮಾಳಿಗೆಯಲ್ಲಿ ಒಂದು ಗಾಳಿಗೂಡು. ರಾಜಕೀಯದಲ್ಲಿ ಆಸಕ್ತಿಯುಳ್ಳ ಹೆಂಗಸರು ಆ ಕತ್ತಲ ಅಟ್ಟವನ್ನು ಹತ್ತಿ, ಗಾಳಿಗೂಡಿನ ಸುತ್ತ ಕುಳಿತು, ಅದರ ಕಿಂಡಿಗಳಲ್ಲಿ ಮುಖವಿಟ್ಟು ಕೆಳಗಿನ ಚರ್ಚೆಯನ್ನು ಕೇಳುತ್ತಿದ್ದರು. ಆ ಸ್ಥಳಕ್ಕೆ ‘ವೆಂಟಿಲೇಟರ್’ ಎಂದೇ ಹೆಸರಾಯಿತು. ಕಾದಂಬರಿಗಾರ್ತಿ ಮರಿಯಾ ಎಜ್‌ವರ್ತ್ 1822ರಲ್ಲಿ ತಾನು ಅಲ್ಲಿ ಕುಳಿತು ಕೇಳಿದ್ದನ್ನು ಪತ್ರದಲ್ಲಿ ವರ್ಣಿಸಿದ್ದಾಳೆ.

ಈ ಚಿತ್ರವನ್ನು ಕ್ಷಣಕಾಲ ಕಣ್ಣಮುಂದೆ ತಂದುಕೊಳ್ಳಿ. ಕೆಳಗೆ ಬೆಳಕಿನಲ್ಲಿ ಗಂಡಸರು ದೇಶದ ಪ್ರಶ್ನೆಗಳನ್ನು ‘ವೆಂಟಿಲೇಟ್’ ಮಾಡುತ್ತಿದ್ದಾರೆ. ಮೇಲೆ ಕತ್ತಲಿನಲ್ಲಿ, ಅವರು ಉಸಿರಾಡಿ ಬಿಟ್ಟ ಬಿಸಿಗಾಳಿಯನ್ನು ಮುಖದ ಮೇಲೆ ತಾಳಿಕೊಂಡು, ಹೆಂಗಸರು ‘ವೆಂಟಿಲೇಟರಿನಲ್ಲಿ’ ಕುಳಿತಿದ್ದಾರೆ. ಆ ಸಭೆ ಮಾಡುತ್ತಿದ್ದ ಕಾಯಿದೆಗಳು ಹೆಂಗಸರ ಆಸ್ತಿಗೂ ಮಕ್ಕಳಿಗೂ ಮದುವೆಗೂ ತಟ್ಟುವಂಥವು. ಅವರ ಪಾಲಿಗೆ ಒದಗಿದ್ದು ಮಾತ್ರ ಹೊಗೆ ಹೋಗುವ ದಾರಿ. ಕಣದಲ್ಲಿ ಎಲ್ಲವನ್ನೂ ಸಮನಾಗಿ ಎತ್ತಿ ಸುರಿಯುವುದು ಧರ್ಮವೆಂದೆನಲ್ಲವೆ? ಇಲ್ಲಿ ಅರ್ಧ ರಾಶಿಯನ್ನು ಮೊರಕ್ಕೆ ಹಾಕದೆಯೇ ಹೊಟ್ಟೆಂದು ತೀರ್ಮಾನಿಸಲಾಗಿತ್ತು.

1834ರ ಅಕ್ಟೋಬರಿನ ಬೆಂಕಿಯಲ್ಲಿ ಆ ಕಟ್ಟಡ ಸುಟ್ಟುಹೋಯಿತು. ಸದಸ್ಯರಿಗೆ ಒಳ್ಳೆಯ ಗಾಳಿಯನ್ನು ಒದಗಿಸುವ ಕೆಲಸ ಡೇವಿಡ್ ಬಾಸ್‌ವೆಲ್ ರೀಡ್ ಎಂಬ ವಿಜ್ಞಾನಿಯ ಪಾಲಿಗೆ ಬಂದಿತು. ಹೊಸ ಅರಮನೆಯ ನಡುಗೋಪುರವನ್ನು ಕೆಟ್ಟ ಗಾಳಿ ಹೊರಹೋಗುವ ಮಹಾನಾಳವಾಗಲೆಂದು ಯೋಜಿಸಿದವನು ಅವನೇ. ಹೆಂಗಸರಿಗೂ ಹೊಸ ಸಭಾಂಗಣದಲ್ಲಿ ಒಂದು ಗ್ಯಾಲರಿ ದೊರೆಯಿತು; ಆದರೆ ಅವರು ಯಾರ ಕಣ್ಣಿಗೂ ಬೀಳದಂತೆ ಮುಂದೆ ದಟ್ಟವಾದ ಲೋಹದ ಜಾಲರಿ. 1908ರ ಅಕ್ಟೋಬರಿನಲ್ಲಿ ಮ್ಯೂರಿಯಲ್ ಮ್ಯಾಟರ್ಸ್ ಮತ್ತು ಹೆಲೆನ್ ಫಾಕ್ಸ್ ಎಂಬ ಇಬ್ಬರು ಹೋರಾಟಗಾರ್ತಿಯರು ಆ ಜಾಲರಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡು ಮತದಾನದ ಹಕ್ಕಿಗಾಗಿ ಕೂಗಿದರು. ಸರಪಳಿ ಬಿಡಿಸಲಾಗದೆ ಜಾಲರಿಯ ಭಾಗಗಳನ್ನೇ ಕಳಚಿ ಅವರನ್ನು ಹೊರಗೆ ಒಯ್ಯಬೇಕಾಯಿತು. 1910ರಲ್ಲಿ ಎಮಿಲಿ ವೈಲ್ಡಿಂಗ್ ಡೇವಿಸನ್ ಎಂಬಾಕೆ ಪ್ರಧಾನಿಯನ್ನು ಪ್ರಶ್ನಿಸಬೇಕೆಂಬ ಹಟದಿಂದ ಕಟ್ಟಡಕ್ಕೆ ಬಿಸಿಗಾಳಿ ಹಾಯಿಸುವ ವ್ಯವಸ್ಥೆಯೊಳಗೆ ಹೊಕ್ಕು ರಾತ್ರಿಯೆಲ್ಲ ಅಡಗಿದ್ದಳು. 1917ರಲ್ಲಿ ಜಾಲರಿ ಹೋಯಿತು. 1918ರಲ್ಲಿ ಒಂದು ವರ್ಗದ ಹೆಂಗಸರಿಗೆ ಮತದಾನದ ಹಕ್ಕು ಬಂದಿತು. 1919ರಲ್ಲಿ ನ್ಯಾನ್ಸಿ ಆಸ್ಟರ್ ಕಾಮನ್ಸ್ ಸಭೆಯಲ್ಲಿ ಸದಸ್ಯೆಯಾಗಿ ಕುಳಿತಳು. ಅಟ್ಟದ ಗಾಳಿಗೂಡಿನಿಂದ ಸಭೆಯ ನೆಲಕ್ಕೆ ಇಳಿಯಲು, 1778ರಿಂದ ಎಣಿಸಿದರೆ, 141 ವರ್ಷ ಹಿಡಿಯಿತು.

ಇನ್ನು ಆಸ್ಪತ್ರೆ. ಉಸಿರಾಟಕ್ಕೂ ಈ ಶಬ್ದಕ್ಕೂ ಹಳೆಯ ಪರಿಚಯ. ಹೃದಯದಲ್ಲಿ ಉರಿಯುವ ಸಹಜವಾದ ಕಾವನ್ನು ಉಸಿರು ಬೀಸಣಿಗೆಯಂತೆ ತಣಿಸುತ್ತದೆಂದು ಗ್ಯಾಲೆನ್ನಿನ ಸಂಪ್ರದಾಯದ ವೈದ್ಯರು ನಂಬಿದ್ದರು. 1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯನ್ನು ಕುರಿತು ಬರೆದ ಪುಸ್ತಕದ ಮೊದಲ ಅಧ್ಯಾಯವೇ ಗಾಳಿ ಮತ್ತು ಬೆಚ್ಚಗಿನ ಕುರಿತದ್ದು. ರೋಗಿಗೆ ಚಳಿಯಾಗದಂತೆ ಅವನ ಕೋಣೆಯ ಗಾಳಿಯನ್ನು ಹೊರಗಿನ ಗಾಳಿಯಷ್ಟೇ ಶುದ್ಧವಾಗಿಡುವುದು ಶುಶ್ರೂಷೆಯ ಮೊದಲ ಸೂತ್ರವೆಂದು ಆಕೆ ವಿಧಿಸಿದಳು.

ಕಿಂಡಿಗಿದ್ದ ಹೆಸರು ಯಂತ್ರಕ್ಕೆ ಅಂಟಿದ್ದು 20ನೆಯ ಶತಮಾನದಲ್ಲಿ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಮಾರಿ ಎರಗಿತು. ಉಸಿರಿನ ಸ್ನಾಯುಗಳು ಸೋತವರು ದಿನದಿನವೂ ಬ್ಲೆಗ್‌ಡಾಮ್ ಆಸ್ಪತ್ರೆಗೆ ಬರುತ್ತಿದ್ದರು. ಆಗ ಇದ್ದ ಸಲಕರಣೆಗಳಿಂದ ಚಿಕಿತ್ಸೆ ಪಡೆದ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಅರಿವಳಿಕೆಯ ತಜ್ಞ ಬ್ಯೋರ್ನ್ ಇಬ್ಸೆನ್ ಆಗಸ್ಟ್ 27ರಂದು 12 ವರ್ಷದ ಹುಡುಗಿಯೊಬ್ಬಳ ಗಂಟಲಿನಲ್ಲಿ ರಂಧ್ರ ಮಾಡಿಸಿ, ಕೊಳವೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಒತ್ತಿ ಗಾಳಿ ತುಂಬಿದ. ಹುಡುಗಿ ಉಳಿದಳು. ಆದರೆ ಅಷ್ಟು ರೋಗಿಗಳಿಗೆ ಹಗಲಿರುಳೂ ಚೀಲವನ್ನು ಒತ್ತುವವರು ಯಾರು? ಸುಮಾರು 1500 ಮಂದಿ ವಿದ್ಯಾರ್ಥಿಗಳು ಸರದಿಯ ಮೇಲೆ ಬಂದು ಕುಳಿತರು. ಆ ತಿಂಗಳುಗಳಲ್ಲಿ ಕೋಪನ್‌ಹೇಗನ್ನಿನ ವೆಂಟಿಲೇಟರ್ ಎಂದರೆ ಒಬ್ಬ ವಿದ್ಯಾರ್ಥಿಯ ಎರಡು ಕೈಗಳು. ಇಂದಿನ ತೀವ್ರ ನಿಗಾ ಘಟಕಕ್ಕೂ ಅದರ ಯಂತ್ರಗಳ ಬಳಕೆಗೂ ಆ ಕೈಗಳೇ ಪೂರ್ವಿಕರು. ಹಸಿವಿಗೆ ಅನ್ನ ಕೊಟ್ಟವರ ಕಥೆಗಳು ನಮ್ಮಲ್ಲಿ ಬಹಳವಿವೆ. ಉಸಿರು ಕೊಟ್ಟ ಈ ತರುಣರ ಕಥೆಯನ್ನೂ ನಮ್ಮ ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು.

2020ರಲ್ಲಿ ಜಗತ್ತೆಲ್ಲ ಯಂತ್ರವಾದ ವೆಂಟಿಲೇಟರನ್ನು ಹುಡುಕಿತು. ಮರುವರ್ಷ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮನೆ, ಕಚೇರಿ, ಆಸ್ಪತ್ರೆಗಳ ಗಾಳಿಯ ಸಂಚಾರವನ್ನು ಕುರಿತು ಒಂದು ಮಾರ್ಗಸೂಚಿಯನ್ನೇ ಹೊರಡಿಸಿತು. ಬಾಗಿಲ ಮೇಲಿನ ಹಳೆಯ ಕಿಂಡಿಯೂ ಆಸ್ಪತ್ರೆಯ ಹೊಸ ಯಂತ್ರವೂ ಒಂದೇ ಹೆಸರಿನವು, ಒಂದೇ ಕಾಯಕದವು ಎಂಬುದು ಆಗ ಮತ್ತೆ ಲೋಕದ ನೆನಪಿಗೆ ಬಂದಿತು.

ಈಗ ನಾನು ಮೊದಲಿಗೆ ಹೇಳಿದ ನಷ್ಟದ ಮಾತಿಗೆ ಬರುತ್ತೇನೆ. ಭಾರತದ ನ್ಯಾಯಾಲಯಗಳ ಇಂಗ್ಲಿಷಿನಲ್ಲಿ ಇಂದಿಗೂ ಒಂದು ವಾಕ್ಯ ಸಾಮಾನ್ಯ: ಅರ್ಜಿದಾರನು ತನ್ನ ಕುಂದುಕೊರತೆಯನ್ನು ತಕ್ಕ ಪ್ರಾಧಿಕಾರದ ಮುಂದೆ ‘ವೆಂಟಿಲೇಟ್’ ಮಾಡಬಹುದು. ಭಾಷಾಂತರದ ಪಾಠದಲ್ಲಿ ಇಂಥ ವಾಕ್ಯ ಬಂದಾಗ ವಿದ್ಯಾರ್ಥಿಗಳು ‘ತೋಡಿಕೊಳ್ಳಬಹುದು’ ಎಂದು ಬರೆಯುತ್ತಾರೆ. ವ್ಯವಹಾರಕ್ಕೆ ಅದು ಸಾಲುತ್ತದೆ. ಆದರೆ ತೋಡಿಕೊಳ್ಳುವುದೆಂದರೆ ಒಳಗಿನ ಅಳಲನ್ನು ಹೊರಕ್ಕೆ ಚೆಲ್ಲುವುದು; ಅಲ್ಲಿಗೆ ಹೇಳುವವನ ಕೆಲಸ ಮುಗಿಯಿತು, ಕೇಳುವವನ ಹೊಣೆ ಏನೂ ಇಲ್ಲ. ಇಂಗ್ಲಿಷಿನಲ್ಲಿಯೂ ಶಬ್ದ ಇದೇ ಇಳಿಜಾರಿನಲ್ಲಿ ಜಾರುತ್ತಿದೆ. ಅದರ ಹತ್ತಿರದ ಬಂಧುವಾದ ‘ವೆಂಟ್’ ಎಂಬ ಮಾತಿಗೆ ಈಗ ಮನಸ್ಸಿನ ಕುದಿಯನ್ನು ಹೊರಗೆ ಬಿಡು ಎಂಬ ಅರ್ಥವೇ ಪ್ರಧಾನ. ಕುಕ್ಕರಿನಿಂದ ಆವಿ ಹೊರಟ ಹಾಗೆ. ಆವಿ ಹೋದರೆ ಒತ್ತಡ ಇಳಿಯುತ್ತದೆ, ನಿಜ. ಆದರೆ ಅದರಿಂದ ಕಾಳು ಹೊಟ್ಟುಗಳು ಬೇರೆಯಾಗುವುದಿಲ್ಲ.

ಹಳೆಯ ಅರ್ಥ ಇದಕ್ಕಿಂತ ಹೆಚ್ಚಿನದನ್ನು ಬೇಡುತ್ತಿತ್ತು. ದೂರನ್ನು ಮೊರಕ್ಕೆ ಎತ್ತಬೇಕು, ಬಯಲಿಗೆ ಹಿಡಿಯಬೇಕು, ಬೀಳುವುದನ್ನು ಕಣ್ಣಿಟ್ಟು ನೋಡಬೇಕು, ನಡುವೆ ಬಿದ್ದದ್ದನ್ನು ಮತ್ತೊಮ್ಮೆ ತೂರಬೇಕು. ಉಳಿದ ಕಾಳನ್ನು ಅಳೆದು ಒಳಕ್ಕೆ ಒಯ್ಯಬೇಕು. ಗ್ರಾಮಸಭೆಯಿಂದ ವಿಧಾನಸಭೆಯವರೆಗೆ ನಾವು ಚರ್ಚೆಯೆಂದು ಕರೆಯುವ ವ್ಯವಹಾರಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ತಿಳಿಯದು. ಕೂಗಾಟ ಬಿರುಗಾಳಿಯಾದರೆ ಕಾಳು ಹಾರಿಹೋಗುತ್ತದೆ. ಎಲ್ಲರೂ ಬಾಯಿ ಮುಚ್ಚಿದರೆ ಗಾಳಿಯೇ ಇಲ್ಲ. ಕೆಲವರನ್ನು ಅಟ್ಟಕ್ಕೆ ಕಳಿಸಿ ಉಳಿದವರು ಮಾತ್ರ ತೂರಿದರೆ, ಬಿದ್ದ ರಾಶಿ ಎಷ್ಟು ದೊಡ್ಡದಾದರೂ ಅದು ಊರಿನ ಬೆಳೆಯಲ್ಲ.

ಕನ್ನಡದಲ್ಲಿ ಈ ಅರ್ಥಕ್ಕೆ ಹೊಸ ಶಬ್ದವನ್ನು ಟಂಕಿಸಬೇಕಾದ ಅಗತ್ಯವಿಲ್ಲ. ‘ಗಾಳಿಗೆ ತೂರು’ ಎಂಬುದನ್ನು ಅದರ ಈಗಿನ ತಿರಸ್ಕಾರದ ಅರ್ಥಕ್ಕೇ ಬಿಟ್ಟು, ‘ತೂರಿ ನೋಡು’ ಎಂಬ ಸರಳವಾದ ಜೋಡಿಯನ್ನು ವಿಮರ್ಶೆಯ ಅರ್ಥದಲ್ಲಿ ಬಳಕೆಗೆ ತರಬಹುದು. ‘ಈ ಮಸೂದೆಯನ್ನು ಸಭೆ ಚೆನ್ನಾಗಿ ತೂರಿ ನೋಡಲಿಲ್ಲ’, ‘ಆ ಆರೋಪವನ್ನು ತೂರಿ ನೋಡಿದಾಗ ಉಳಿದದ್ದು ಇಷ್ಟು’ ಎಂದರೆ ಹಳ್ಳಿಯವನಿಗೂ ಅರ್ಥವಾಗುತ್ತದೆ, ವಿದ್ವಾಂಸನಿಗೂ ಅರ್ಥವಾಗುತ್ತದೆ. ತೂರುವ ಕೈಗಳು ಕಡಿಮೆಯಾಗಿ ಯಂತ್ರಗಳು ಬಂದಿರುವ ಈ ದಿನಗಳಲ್ಲಿ ಕಣದ ಮಾತು ಉಳಿಯಬೇಕಾದರೆ ಅದಕ್ಕೆ ಸಭೆಯಲ್ಲಿ ಕೆಲಸ ಕೊಡಬೇಕು. ಅಧ್ಯಾಪಕರು ತರಗತಿಯಲ್ಲಿ, ಪತ್ರಕರ್ತರು ತಮ್ಮ ಅಂಕಣಗಳಲ್ಲಿ ಇದನ್ನು ನಾಲ್ಕು ಸಲ ಬಳಸಿ ನೋಡಲಿ. ಮಾತಿನಲ್ಲಿ ತೂಕವಿದ್ದರೆ ಅದು ತಾನಾಗಿಯೇ ನಮ್ಮ ಕಾಲಬುಡದಲ್ಲಿ ಉಳಿಯುತ್ತದೆ.